ಲೇಖನಿಯ ನಾಲಗೆ

ಬಾಯಿಂದ ಆಡಿದ ಮಾತನ್ನು ಮರೆತುಹೋಯಿತೆಂದು ಹೇಳಿ ತಪ್ಪಿಸಿಕೊಳ್ಳಬಹುದು. ಬರೆದುಕೊಟ್ಟ ಮಾತಿಗೆ ಆ ಅವಕಾಶವಿಲ್ಲ. ವರ್ತಕನ ಬಾಳು ನಿಂತಿರುವುದೇ ಬರೆದ ಮಾತಿನ ಮೇಲೆ. ಬೀಜಕ, ರಸೀದಿ, ಕಿರ್ದಿ, ಖಾತೆ ಇವೆಲ್ಲವೂ ಒಬ್ಬನು ಮತ್ತೊಬ್ಬನಿಗೆ ಕೊಟ್ಟ ಮಾತಿನ ಲಿಖಿತ ರೂಪಗಳು. ದೀಪಾವಳಿಯ ದಿನ ಹೊಸ ಖಾತೆಪುಸ್ತಕವನ್ನು ಪೂಜಿಸುವಾಗ ಹಿರಿಯರು ಅದರ ಪಕ್ಕದಲ್ಲಿ ಲೇಖನಿಯನ್ನೂ ಇಡುತ್ತಿದ್ದುದು ಈ ಕಾರಣಕ್ಕಾಗಿಯೇ ಇರಬೇಕು. ಹಾಗಾದರೆ ಸತ್ಯವನ್ನು ಬರೆಯಬೇಕಾದ ಲೇಖನಿ ತಾನೂ ಸತ್ಯವಾಗಿರಬೇಕಲ್ಲವೇ? ಅದನ್ನು ಏನೆಂದು ಹೇಳಿ ಮಾರುತ್ತಾರೆಯೋ ಅದು ಅದೇ ಆಗಿರಬೇಕಲ್ಲವೇ? ಈ ಪ್ರಶ್ನೆ ಹುಬ್ಬಳ್ಳಿಯ ಒಬ್ಬ ವರ್ತಕರ ಎದುರಿಗೆ ಒಮ್ಮೆ ಬಂದು ನಿಂತಿತು.

ಆ ವರ್ತಕರದು ಕಾಗದ ಮತ್ತು ಲೇಖನಸಾಮಗ್ರಿಗಳ ವ್ಯಾಪಾರ. ಅವರ ಗಲ್ಲೆಯ ಪಕ್ಕದ ಖಾನೆಯಲ್ಲಿ ತಂದೆಯ ಕಾಲದ ಒಂದು ಕಪ್ಪು ಫೌಂಟನ್ ಪೆನ್ನು ಇತ್ತು. ಆಂಧ್ರದ ರಾಜಮಂಡ್ರಿಯಲ್ಲಿ ಕೈಯಿಂದ ತಯಾರಾದ ಎಬೊನೈಟ್ ಲೇಖನಿ ಅದು. ತಂದೆ ಅದರಿಂದಲೇ ಮೂವತ್ತು ವರ್ಷ ಕಿರ್ದಿ ಬರೆದಿದ್ದರು. ಅವರ ಬೆರಳುಗಳು ಹಿಡಿದ ಜಾಗ ಇಂದಿಗೂ ನುಣುಪಾಗಿ ಹೊಳೆಯುತ್ತದೆ. ಕೈ ತಾಗದ ಮುಚ್ಚಳದ ಮೇಲ್ಭಾಗ ಮಾತ್ರ ಬಿಸಿಲಿಗೆ ಬಣ್ಣಗೆಟ್ಟು ಎಣ್ಣೆಗಪ್ಪಿನಿಂದ ಕಂದು ಬಣ್ಣಕ್ಕೆ ತಿರುಗಿದೆ. ಇತ್ತೀಚೆಗೆ ಅದು ಶಾಯಿಯನ್ನು ಸರಿಯಾಗಿ ಬಿಡುತ್ತಿರಲಿಲ್ಲ. ಒಮ್ಮೆ ಒಣಗುತ್ತಿತ್ತು, ಒಮ್ಮೆ ತೊಟ್ಟಿಕ್ಕುತ್ತಿತ್ತು. ಬಿಸಾಡಲು ಮನಸ್ಸಿಲ್ಲದೆ, ಬಳಸಲು ಬಾರದೆ ಅದು ಖಾನೆಯಲ್ಲಿಯೇ ಉಳಿದಿತ್ತು.

ಅದೇ ಸಮಯಕ್ಕೆ ಊರಿನ ಒಂದು ವಿದ್ಯಾರ್ಥಿನಿಲಯದ ಸುವರ್ಣ ಮಹೋತ್ಸವ ಬಂದಿತು. ಅಲ್ಲಿನ 60 ವಿದ್ಯಾರ್ಥಿಗಳಿಗೆ ಬಾಳಿಕೆ ಬರುವ ಒಂದೊಂದು ಲೇಖನಿಯನ್ನು ಉಡುಗೊರೆಯಾಗಿ ಕೊಡಬೇಕೆಂದು ಸಮಿತಿಯವರು ನಿರ್ಧರಿಸಿ, ಎರಡು ಅಂಗಡಿಗಳಿಂದ ದರಪತ್ರ ಕೇಳಿದರು. ತಂದೆಯ ಲೇಖನಿಯ ನೆನಪಿನಲ್ಲಿ ವರ್ತಕರು ರಾಜಮಂಡ್ರಿಯ ಒಂದು ಚಿಕ್ಕ ಕಾರ್ಖಾನೆಗೆ ಪತ್ರ ಬರೆದು ವಿಚಾರಿಸಿದರು. ಬಂದ ಉತ್ತರದ ಆಧಾರದ ಮೇಲೆ ಸಮಿತಿಗೆ ಕೊಟ್ಟ ದರಪತ್ರದಲ್ಲಿ ಅವರು ಹೀಗೆ ಬರೆದರು: ‘ಸಂಪೂರ್ಣ ಕೈಕೆಲಸದ, ಸಂಪೂರ್ಣ ಸ್ವದೇಶಿ ಲೇಖನಿ.’ ಕೆಲಸ ಅವರಿಗೇ ದೊರೆಯಿತು. ಪ್ರತಿ ಲೇಖನಿಯ ಜೊತೆಗೆ ಇಡಲು ಅದೇ ಮಾತುಗಳ ಚೀಟಿಗಳನ್ನು ಅಚ್ಚು ಹಾಕಿಸಿದರು. ಸಮಾರಂಭಕ್ಕೆ ಎರಡು ವಾರಗಳಿರುವಾಗ ಲೇಖನಿಗಳನ್ನು ತಾವೇ ತರಲು, ತಂದೆಯ ಪೆನ್ನನ್ನೂ ರಿಪೇರಿಗೆ ಕೊಡಲು, ರೈಲು ಹತ್ತಿದರು.

ರಾಜಮಂಡ್ರಿಗೆ ಈಗ ರಾಜಮಹೇಂದ್ರವರಂ ಎಂಬ ಹಳೆಯ ಹೆಸರೇ ಮರಳಿ ಬಂದಿದೆ. ಗೋದಾವರಿಯ ತೀರದ ಈ ಊರು ಬರವಣಿಗೆಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಪೂರ್ವ ಚಾಲುಕ್ಯರ ರಾಜರಾಜ ನರೇಂದ್ರನ ಆಶ್ರಯದಲ್ಲಿ ನನ್ನಯ ಕವಿಯು ತೆಲುಗು ಮಹಾಭಾರತವನ್ನು ಆರಂಭಿಸಿದ್ದು ಇಲ್ಲಿಯೇ. ಇಪ್ಪತ್ತನೆಯ ಶತಮಾನದಲ್ಲಿ ಈ ಊರಿಗೆ ಮತ್ತೊಂದು ಖ್ಯಾತಿ ಬಂದದ್ದು ಕೆ. ವಿ. ರತ್ನಂ ಅವರಿಂದ. ಸ್ವದೇಶಿ ಚಳವಳಿಯ ಕಾಲದಲ್ಲಿ, ಜನಸಾಮಾನ್ಯರಿಗೆ ನಿತ್ಯ ಬೇಕಾಗುವ ವಸ್ತುವನ್ನು ದೇಶದಲ್ಲಿಯೇ ತಯಾರಿಸಬೇಕೆಂಬ ಗಾಂಧೀಜಿಯವರ ಪ್ರೇರಣೆಯಿಂದ ಅವರು 1930ರ ದಶಕದ ಆರಂಭದಲ್ಲಿ ಲೇಖನಿಯ ಕೆಲಸಕ್ಕೆ ಕೈಹಾಕಿದರು.

ಅವರ ಮನೆತನದಲ್ಲಿ ಹೇಳಿಕೊಂಡು ಬಂದಿರುವ ಪ್ರಕಾರ ಮೊದಲು ಮಾಡಿದ ಲೇಖನಿಯನ್ನು ಗಾಂಧೀಜಿ ಒಪ್ಪಲಿಲ್ಲ. ಉಳಿದುದೆಲ್ಲ ಇಲ್ಲಿಯದೇ ಆದರೂ ನಿಬ್ಬು ವಿದೇಶದ್ದಾಗಿತ್ತು. ರತ್ನಂ ಅವರು ಕೋಪಿಸಿಕೊಳ್ಳದೆ ಮತ್ತೆ ಕೆಲಸಕ್ಕೆ ಕುಳಿತು ಎಲ್ಲ ಭಾಗಗಳನ್ನೂ ಇಲ್ಲಿಯೇ ಮಾಡಿಸಿದರು. ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಜೆ. ಸಿ. ಕುಮಾರಪ್ಪನವರ ಮೂಲಕ ಆ ಲೇಖನಿ ವಾರ್ಧಾಕ್ಕೆ ತಲುಪಿತು. 1935ರ ಜುಲೈ 16ರಂದು ಗಾಂಧೀಜಿ ರತ್ನಂ ಅವರಿಗೆ ಕೃತಜ್ಞತೆಯ ಪತ್ರ ಬರೆದು, ತಾವು ಅದನ್ನು ಬಳಸಿ ನೋಡಿರುವುದಾಗಿಯೂ, ಬಜಾರಿನಲ್ಲಿ ಕಾಣುವ ವಿದೇಶಿ ಲೇಖನಿಗಳ ಸ್ಥಾನದಲ್ಲಿ ಅದು ಚೆನ್ನಾಗಿ ನಿಲ್ಲಬಲ್ಲುದೆಂದೂ ತಿಳಿಸಿದರು. ಹೊಗಳಿಕೆ ಇಷ್ಟೇ. ಆದರೆ ಬಳಸಿ ನೋಡದೆ ಹೊಗಳದವರ ಮಾತಾದುದರಿಂದ ಅದಕ್ಕೆ ತೂಕವಿತ್ತು. ರತ್ನಂ ಅವರ ದಾರಿಯಲ್ಲಿ ಆ ಊರಿನಲ್ಲಿ ಮತ್ತೆ ಕೆಲವು ಮನೆತನಗಳು ಇದೇ ಕಸುಬಿಗೆ ಇಳಿದವು. ಮದ್ರಾಸು, ಹೈದರಾಬಾದು ಮೊದಲಾದ ನಗರಗಳಲ್ಲಿಯೂ ಕೈಕೆಲಸದ ಲೇಖನಿಗಳು ಹೆಸರು ಪಡೆದವು.

ವರ್ತಕರು ಹೋದ ಕಾರ್ಖಾನೆ ಒಂದು ಗಲ್ಲಿಯ ಮನೆಯ ಮುಂದಿನ ಕೋಣೆ. ಅಲ್ಲಿ ಎರಡು ಚಿಕ್ಕ ಲೇತುಗಳು, ಒಂದು ಪಾಲಿಷ್ ಚಕ್ರ, ಕಿಟಕಿಯ ಬಳಿ ಒಂದು ಮಣೆ. ಅದರ ಎದುರಿಗೆ ಎಪ್ಪತ್ತರ ಹತ್ತಿರದ ಮೇಸ್ತ್ರಿ. ಒಳಗೆ ಕಾಲಿಡುತ್ತಲೇ ಮೂಗಿಗೆ ಬಡಿಯುವುದು ಗಂಧಕದ ವಾಸನೆ. ಎಬೊನೈಟ್ ಎಂದರೆ ಬೇರೇನೂ ಅಲ್ಲ, ಗಂಧಕ ಬೆರೆಸಿ ದೀರ್ಘಕಾಲ ಕಾಯಿಸಿದ ರಬ್ಬರು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕದೊಡನೆ ರಬ್ಬರನ್ನು ಕಾಯಿಸಿದರೆ ಅದು ಗಟ್ಟಿಗೊಂಡು ಬಾಳಿಕೆ ಬರುತ್ತದೆಂಬುದನ್ನು ಕಂಡುಕೊಂಡರು. ಅವರ ಸೋದರ ನೆಲ್ಸನ್ ಗುಡ್‌ಇಯರ್ ಗಂಧಕದ ಪ್ರಮಾಣವನ್ನು ಬಹಳ ಹೆಚ್ಚಿಸಿ, ಮರದಂತೆ ಗಡುಸಾಗುವ ರಬ್ಬರಿಗೆ 1851ರಲ್ಲಿ ಪೇಟೆಂಟ್ ಪಡೆದರು. ವಾಹನದ ಚಕ್ರದ ಮೆತ್ತನೆಯ ರಬ್ಬರಿನಲ್ಲಿ ಗಂಧಕ ನೂರಕ್ಕೆ ಎರಡು ಮೂರು ಪಾಲು. ಎಬೊನೈಟಿನಲ್ಲಿ ಮೂವತ್ತು ಪಾಲಿನ ಆಸುಪಾಸು. ಎಬನಿ ಎಂಬ ಕರಿಮರವನ್ನು ಹೋಲುವುದರಿಂದ ಅದಕ್ಕೆ ಈ ಹೆಸರು. ಸುಳ್ಯ, ಬೆಳ್ತಂಗಡಿಗಳ ತೋಟಗಳಲ್ಲಿ ಬೆಳಗಿನ ಜಾವ ಮರದ ತೊಗಟೆಯನ್ನು ಗೀರಿ ಚಿಪ್ಪಿಗೆ ಇಳಿಸುವ ಬಿಳಿಯ ಹಾಲನ್ನು ನೋಡಿದವರಿಗೆ, ಅಂಥದೇ ಹಾಲು ಗಂಧಕ ಮತ್ತು ಬೆಂಕಿಯ ಸಹವಾಸದಿಂದ ಈ ಕಪ್ಪು ಕೋಲಾಗುತ್ತದೆಂದರೆ ನಂಬಿಕೆ ಬಾರದು.

ಈ ವಸ್ತುವಿಗೆ ಒಂದು ಸ್ವಭಾವವಿದೆ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಸುರಿಯಬಹುದು, ತಪ್ಪಾದರೆ ಮತ್ತೆ ಕರಗಿಸಬಹುದು. ಒಮ್ಮೆ ಗಟ್ಟಿಯಾದ ಎಬೊನೈಟ್ ಮತ್ತೆ ಕರಗದು. ಅದನ್ನು ಕಡೆದು, ಕೊರೆದು ರೂಪ ಕೊಡಬೇಕು. ತೆಗೆದದ್ದನ್ನು ಮರಳಿ ಸೇರಿಸುವಂತಿಲ್ಲ. ಉಳಿ ಒಂದು ಕೂದಲೆಳೆಯಷ್ಟು ಹೆಚ್ಚು ಕಚ್ಚಿದರೂ ಆ ಕೋಲು ವ್ಯರ್ಥ. ಆದ್ದರಿಂದ ಈ ಕಸುಬಿನವನ ಕೈಗೆ ಆತುರ ಒಗ್ಗುವುದಿಲ್ಲ.

ಮೇಸ್ತ್ರಿ ಒಂದು ಕೋಲನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿದರು. ಉಳಿಯ ತುದಿಯಿಂದ ಕರಿಯ ಎಳೆಗಳು ಸುರುಳಿಸುರುಳಿಯಾಗಿ ಇಳಿದವು. ಮೊದಲು ಹೊರಮೈಯನ್ನು ಸಮ ಮಾಡಿ, ಆಮೇಲೆ ನಡುವೆ ಕೊರೆದು, ಒಳಗಿನ ಟೊಳ್ಳನ್ನು ಸ್ವಲ್ಪಸ್ವಲ್ಪವಾಗಿ ಹಿಗ್ಗಿಸಿದರು. ನಡುನಡುವೆ ನಿಲ್ಲಿಸಿ ಕ್ಯಾಲಿಪರಿನಿಂದ ಅಳೆದು, ಆ ಬಳಿಕ ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಎಳೆದು ನೋಡುತ್ತಿದ್ದರು. ಯಂತ್ರದ ಅಳತೆಗೆ ಸಿಕ್ಕದ ಏರುತಗ್ಗು ಅವರ ಉಗುರಿಗೆ ಸಿಗುತ್ತಿತ್ತು. ಬಳಿಕ ಮುಚ್ಚಳ ಮತ್ತು ಕೊಳವೆ ಕೂಡುವ ಕಡೆ, ಬಾಚಣಿಗೆಯಂತೆ ಸಾಲುಹಲ್ಲುಗಳುಳ್ಳ ಉಳಿಯಿಂದ ತಿರುಪಿನ ಗೆರೆಗಳನ್ನು ಕೆತ್ತಿದರು. ಕೋಲು ತಿರುಗುತ್ತಿರುವಾಗ ಕೈ ಒಂದೇ ವೇಗದಲ್ಲಿ ಪಕ್ಕಕ್ಕೆ ಸರಿಯಬೇಕು. ಇಲ್ಲವಾದರೆ ಗೆರೆ ಗೆರೆಯ ಮೇಲೆ ಬಿದ್ದು ತಿರುಪು ಕೆಡುತ್ತದೆ. ಹೀಗೆ ಕೆತ್ತಿದ ಮುಚ್ಚಳ ತನ್ನ ಕೊಳವೆಗೆ ಮಾತ್ರ ಸರಿಯಾಗಿ ಕೂಡುತ್ತದೆ, ಇನ್ನೊಂದಕ್ಕಲ್ಲ. ಆದ್ದರಿಂದ ಮಣೆಯ ಮೇಲೆ ಲೇಖನಿಗಳು ಜೋಡಿಜೋಡಿಯಾಗಿಯೇ ಇದ್ದವು. ಜೋಡಿ ತಪ್ಪದಿರಲೆಂದು ಪ್ರತಿ ಜೋಡಿಗೂ ಸೀಮೆಸುಣ್ಣದ ಗುರುತು.

ಮುಚ್ಚಳದ ಒಳಭಾಗಕ್ಕೂ ಮೇಸ್ತ್ರಿ ಒಂದು ಕಡ್ಡಿಗೆ ಉಪ್ಪುಕಾಗದ ಸುತ್ತಿ ತಿಕ್ಕುತ್ತಿದ್ದುದನ್ನು ಕಂಡು ವರ್ತಕರು ಕೇಳಿದರು:

“ಮೇಸ್ತ್ರಿಗಾರೂ, ಅದರ ಒಳಗೆ ಯಾರು ನೋಡುತ್ತಾರೆ?”

“ನೋಡುವವರು ಯಾರೂ ಇಲ್ಲ, ಸೇಠ್‌ಗಾರೂ. ಆದರೆ ಒಳಗೆ ಪುಡಿ ಉಳಿದರೆ ಅದು ತಿರುಪಿಗೆ ಬಂದು ಸೇರುತ್ತದೆ. ಹತ್ತು ವರ್ಷ ಬಾಳುವ ತಿರುಪು ಎರಡು ವರ್ಷಕ್ಕೆ ಸವೆಯುತ್ತದೆ. ಆಗ ನನ್ನನ್ನು ಬೈಯುವವರು ಇರುತ್ತಾರೆ,” ಎಂದು ಮೇಸ್ತ್ರಿ ನಕ್ಕರು.

ಈ ಲೇಖನಿಯ ರಚನೆಯಲ್ಲಿ ಅನಾವಶ್ಯಕವಾದದ್ದು ಒಂದೂ ಇಲ್ಲ. ಕೊಳವೆ, ಮುಚ್ಚಳ, ಬೆರಳು ಹಿಡಿಯುವ ಕತ್ತು, ನಿಬ್ಬು, ನಿಬ್ಬಿನ ಕೆಳಗಿನ ನಾಲಗೆ, ಜೇಬಿಗೆ ಸಿಕ್ಕಿಸುವ ಕ್ಲಿಪ್ಪು, ಅದನ್ನು ಬಿಗಿದಿಡುವ ತಲೆಗುಂಡಿ: ಎಣಿಸಿದರೆ ಏಳೇ ಭಾಗಗಳು. ಕತ್ತನ್ನು ತಿರುಗಿಸಿ ತೆಗೆದು, ಡ್ರಾಪರಿನಿಂದ ಕೊಳವೆಗೆ ನೇರವಾಗಿ ಶಾಯಿ ತುಂಬುವುದು; ಮತ್ತೆ ಬಿಗಿಯುವುದು. ಒಳಗೆ ರಬ್ಬರಿನ ಚೀಲವಿಲ್ಲ, ಸ್ಪ್ರಿಂಗು ಇಲ್ಲ, ಹಾಳಾಗುವ ಯಂತ್ರವಿಲ್ಲ. ಕೊಳವೆಯೇ ಭಂಡಾರ. ಒಮ್ಮೆ ತುಂಬಿದರೆ ಪುಟಗಟ್ಟಲೆ ಬರೆಯಬಹುದು.

ಕೊಳವೆಯ ಗೋಡೆ ದಪ್ಪವಾಗಿರುವುದಕ್ಕೂ ಒಂದು ಕಾರಣವಿದೆ. ಬರೆಯುವಾಗ ಅಂಗೈಯ ಬಿಸಿ ಕೊಳವೆಗೆ ತಾಗುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೆ ಶಾಯಿಯನ್ನು ಹೊರಗೆ ತಳ್ಳುತ್ತದೆ. ಕಾಗದದ ಮೇಲೆ ಮಸಿಯ ಬೊಟ್ಟು ಬೀಳುತ್ತದೆ. ಎಬೊನೈಟ್ ಬಿಸಿಯನ್ನು ಸುಲಭವಾಗಿ ಸಾಗಿಸದು. ಗೋಡೆ ದಪ್ಪವಾದಷ್ಟೂ ಕೈಯ ಬಿಸಿ ಒಳಗೆ ತಲುಪುವುದು ತಡವಾಗುತ್ತದೆ. ಲೋಹದ ಲೇಖನಿ ಚಳಿಗಾಲದಲ್ಲಿ ತಣ್ಣಗೆ ಕೊರೆಯುತ್ತದೆ, ಇದು ಮಾತ್ರ ಮರದಂತೆ ಬೆಚ್ಚಗಿರುತ್ತದೆ. ಕಾರಣ ಎರಡಕ್ಕೂ ಒಂದೇ. ಆದರೂ ಶಾಯಿ ಕಾಲುಪಾಲಿಗೆ ಇಳಿದಾಗ ಒಳಗೆ ಗಾಳಿಯೇ ಹೆಚ್ಚಾಗಿ ಬೊಟ್ಟು ಬೀಳುವ ಸಂಭವವಿದೆ. ಹುಬ್ಬಳ್ಳಿಯ ವರ್ತಕರ ತಂದೆ ಪ್ರತಿದಿನ ಬೆಳಿಗ್ಗೆ ಗಲ್ಲೆಗೆ ಕುಳಿತೊಡನೆ, ಶಾಯಿ ಎಷ್ಟೇ ಉಳಿದಿರಲಿ, ಪೆನ್ನು ತುಂಬಿಕೊಳ್ಳುತ್ತಿದ್ದರು. ಅದು ಬರಿಯ ಶಿಸ್ತೆಂದು ಮಗ ತಿಳಿದಿದ್ದರು. ಅದರ ಹಿಂದಿನ ತಿಳಿವಳಿಕೆ ಅವರಿಗೆ ಹೊಳೆದದ್ದು ಮೇಸ್ತ್ರಿಯ ಮಣೆಯ ಎದುರಿಗೆ.

ಬಳಿಕ ಮೇಸ್ತ್ರಿ ತಂದೆಯ ಪೆನ್ನನ್ನು ಕೈಗೆ ತೆಗೆದುಕೊಂಡರು. ತಿರುಪು ಪರೀಕ್ಷಿಸಿದರು; ಸವೆದಿರಲಿಲ್ಲ. ಕತ್ತನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬಟ್ಟೆಯಿಂದ ಹಿಡಿದು, ನಿಬ್ಬನ್ನೂ ನಾಲಗೆಯನ್ನೂ ಒಟ್ಟಿಗೆ ಎಳೆದು ತೆಗೆದರು. ನಿಬ್ಬನ್ನು ಪಕ್ಕಕ್ಕಿಟ್ಟು ನಾಲಗೆಯನ್ನು ಬೆಳಕಿಗೆ ಹಿಡಿದರು. ಅದು ಕಿರುಬೆರಳಿಗಿಂತ ತೆಳುವಾದ, ಎಬೊನೈಟಿನದೇ ಒಂದು ಚಿಕ್ಕ ಕಡ್ಡಿ. ಅದರ ಬೆನ್ನಿನ ಮೇಲೆ ಉದ್ದಕ್ಕೂ ಗರಗಸದಿಂದ ಕೊಯ್ದ ಕೂದಲಿನಷ್ಟು ಸಣ್ಣ ಕಾಲುವೆ; ಆ ಕಾಲುವೆಯಲ್ಲಿ ದಶಕಗಳ ಶಾಯಿ ಒಣಗಿ ಕಲ್ಲಾಗಿತ್ತು.

ಲೇಖನಿಯ ಜೀವವಿರುವುದು ಈ ನಾಲಗೆಯಲ್ಲಿ. ಕೊಂಡುಕೊಳ್ಳುವವನು ಬಣ್ಣ ನೋಡುತ್ತಾನೆ, ಹೊಳಪು ನೋಡುತ್ತಾನೆ, ನಿಬ್ಬಿನ ಮೇಲಿನ ಕೆತ್ತನೆ ನೋಡುತ್ತಾನೆ. ನಿಬ್ಬಿನ ಅಡಿಗೆ ಅಡಗಿದ ಇದನ್ನು ಮಗುಚಿ ನೋಡುವವರು ಕಡಿಮೆ. ಆದರೆ ಶಾಯಿಯನ್ನು ನಿಬ್ಬಿಗೆ ತಲುಪಿಸುವುದೂ ಇದೇ, ಹೆಚ್ಚಾದುದನ್ನು ತಡೆಯುವುದೂ ಇದೇ. ಕಾಲುವೆ ಸಣ್ಣದಾಗಿರುವುದರಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಶಾಯಿ ತಾನಾಗಿ ಅದರ ಗೋಡೆಗಂಟಿ ಮುಂದೆ ಸರಿಯುತ್ತದೆ. ಶಾಯಿ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು; ಬಾರದಿದ್ದರೆ ಶಾಯಿ ನಿಲ್ಲುತ್ತದೆ. ಗಾಳಿ ಹೆಚ್ಚು ನುಗ್ಗಿದರೆ ಶಾಯಿ ಸುರಿಯುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಇಲ್ಲಿ ಕ್ಷಣಕ್ಷಣವೂ ಲೆಕ್ಕ ಸರಿಹೋಗುತ್ತಿರಬೇಕು. ಜಮಾ ಖರ್ಚು ತಾಳೆಯಾಗದ ಕಿರ್ದಿಯಂತೆ, ಈ ಲೆಕ್ಕ ತಪ್ಪಿದ ಲೇಖನಿಯೂ ನಿರುಪಯೋಗಿ. ಶಾಯಿ ಮತ್ತು ಗಾಳಿಯ ಈ ವಿನಿಮಯವನ್ನು ಸೀಳುಗಾಲುವೆಗಳಿಂದ ಹಿಡಿತಕ್ಕೆ ತಂದ ರಚನೆಗೆ ಲೂಯಿಸ್ ಎಡ್ಸನ್ ವಾಟರ್‌ಮನ್ ಎಂಬಾತ ನ್ಯೂಯಾರ್ಕಿನಲ್ಲಿ 1884ರಲ್ಲಿ ಪೇಟೆಂಟ್ ಪಡೆದರು. ಫೌಂಟನ್ ಪೆನ್ನು ನಂಬಿಕೆಗೆ ಅರ್ಹವಾದ ವಸ್ತುವಾಗಿ ಲೋಕದಲ್ಲಿ ಹರಡಿದ್ದು ಆ ಮೇಲೆಯೇ.

ನಾಲಗೆಗೆ ಎಬೊನೈಟೇ ಏಕೆಂಬುದಕ್ಕೂ ಉತ್ತರವಿದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನ ಮೈ ತೀರ ನುಣುಪು; ಕೆಸುವಿನೆಲೆಯ ಮೇಲಿನ ನೀರಿನಂತೆ ಶಾಯಿ ಅದರ ಮೇಲೆ ಹನಿಗೂಡಿ ನಿಲ್ಲಲು ನೋಡುತ್ತದೆ. ಗರಗಸದಿಂದ ಕೊಯ್ದ ಎಬೊನೈಟಿನ ಮೈಯಲ್ಲಿ ಕಣ್ಣಿಗೆ ಕಾಣದ ಒರಟು ಇರುವುದರಿಂದ ಶಾಯಿ ಅದಕ್ಕೆ ಸಮನಾಗಿ ಅಂಟುತ್ತದೆ. ಅಲ್ಲದೆ ಎಬೊನೈಟ್ ಬಿಸಿಗೆ ಕರಗದಿದ್ದರೂ ಸ್ವಲ್ಪ ಮೆತ್ತಗಾಗುತ್ತದೆ. ಮೇಸ್ತ್ರಿ ಕಾಲುವೆಯನ್ನು ತೆಳುವಾದ ತಗಡಿನಿಂದ ಕೆರೆದು, ತೊಳೆದು, ನಿಬ್ಬಿನೊಡನೆ ಮರಳಿ ಕೂಡಿಸಿದರು. ತುದಿಯನ್ನು ಕುದಿಯುವ ನೀರಿನಲ್ಲಿ ಕೆಲವು ಕ್ಷಣ ಅದ್ದಿ, ನಾಲಗೆಯನ್ನು ಹೆಬ್ಬೆರಳಿನಿಂದ ನಿಬ್ಬಿನ ಬೆನ್ನಿಗೆ ಒತ್ತಿ ಹಿಡಿದರು. ತಣ್ಣಗಾದಾಗ ಎರಡರ ನಡುವೆ ಕೂದಲೂ ತೂರದಷ್ಟು ಹೊಂದಿಕೆ ಬಂದಿತ್ತು. ಶಾಯಿ ತುಂಬಿ ವರ್ತಕರ ಕೈಗೆ ಕೊಟ್ಟರು. ಎಷ್ಟೋ ವರ್ಷಗಳ ಮೇಲೆ ತಂದೆಯ ಪೆನ್ನು ತಡೆಯಿಲ್ಲದೆ ಬರೆಯಿತು. ವರ್ತಕರು ಮೊದಲು ಬರೆದದ್ದು ತಂದೆಯ ಹೆಸರನ್ನು.

ಈ ಸಂತೋಷದಲ್ಲಿಯೇ ಅವರು ತಮ್ಮ ಚೀಲದಿಂದ ಅಚ್ಚಾದ ಚೀಟಿಗಳ ಕಟ್ಟನ್ನು ತೆಗೆದು, ಪ್ರತಿ ಪೆಟ್ಟಿಗೆಯಲ್ಲಿ ಒಂದೊಂದು ಇಡಬೇಕೆಂದು ಹೇಳಿದರು. ಕನ್ನಡ ಅಕ್ಷರಗಳನ್ನು ತೆಲುಗಿನವರು ಬಹುಮಟ್ಟಿಗೆ ಓದಿಕೊಳ್ಳಬಲ್ಲರು. ಮೇಸ್ತ್ರಿ ಒಂದು ಚೀಟಿಯನ್ನು ದೂರ ಹಿಡಿದು ನಿಧಾನವಾಗಿ ಕೂಡಿಸಿ ಓದಿದರು. ಓದಿ ಮಣೆಯ ಮೇಲಿಟ್ಟರು.

“ಸೇಠ್‌ಗಾರೂ, ಈ ಮಾತು ಸರಿಯಲ್ಲ. ಕೊಳವೆ ನನ್ನದು, ಮುಚ್ಚಳ ನನ್ನದು, ಕತ್ತು ನನ್ನದು, ನಾಲಗೆಯೂ ನನ್ನದು. ನಿಬ್ಬು ನನ್ನದಲ್ಲ. ಅದು ಜರ್ಮನಿಯದು. ನಿಮ್ಮ ಮಕ್ಕಳಿಗೆ ನುಣ್ಣಗೆ ಬರೆಯುವ ನಿಬ್ಬೇ ಬೇಕೆಂದು ನೀವೇ ಕೇಳಿದಿರಿ. ಅದನ್ನು ಹಾಕುತ್ತೇನೆಂದು ನಾನು ಪತ್ರದಲ್ಲಿ ಬರೆದಿದ್ದೆನಲ್ಲ?”

ಬರೆದದ್ದು ನಿಜ. ವರ್ತಕರು ಅದನ್ನು ಓದಿದ್ದೂ ನಿಜ. ದರಪತ್ರ ಬರೆಯುವಾಗ ಆ ಒಂದು ಸಾಲನ್ನು ಅವರು ಮರೆತಿರಲಿಲ್ಲ, ದಾಟಿಹೋಗಿದ್ದರು. ‘ಸಂಪೂರ್ಣ’ ಎಂಬ ಶಬ್ದ ಕಿವಿಗೆ ಇಂಪಾಗಿತ್ತು, ಎದುರು ಅಂಗಡಿಯ ದರಕ್ಕಿಂತ ತಮ್ಮ ದರ ಸ್ವಲ್ಪ ಹೆಚ್ಚಾಗಿದ್ದುದರಿಂದ ಆ ಶಬ್ದದ ಆಸರೆಯೂ ಬೇಕಾಗಿತ್ತು. ಅರಿಯದೆ ಆದ ತಪ್ಪಿಗೆ ಒಂದು ಸಮಾಧಾನವಿರುತ್ತದೆ. ಅರಿತೂ ಕಣ್ಣು ತಪ್ಪಿಸಿದ್ದಕ್ಕೆ ಅದೂ ಇಲ್ಲ.

“ಇಷ್ಟು ದೊಡ್ಡ ಲೇಖನಿಯಲ್ಲಿ ನಿಬ್ಬೆಂಬುದು ಎಷ್ಟರ ಭಾಗ, ಮೇಸ್ತ್ರಿಗಾರೂ? ಯಾರಿಗೆ ತಿಳಿಯುತ್ತದೆ?” ಎಂದು ಅವರು ಕೇಳಿದರು. ಕೇಳಿದ ಮೇಲೆ, ಸ್ವಲ್ಪ ಮುಂಚೆ ಮುಚ್ಚಳದ ಒಳಭಾಗದ ವಿಷಯದಲ್ಲಿ ತಾವು ಕೇಳಿದ್ದೂ ಇದೇ ಪ್ರಶ್ನೆಯೆಂಬುದು ಅವರಿಗೇ ನೆನಪಾಗಿರಬೇಕು. ಮೇಸ್ತ್ರಿ ಉತ್ತರ ಕೊಡಲಿಲ್ಲ. ದೇಶದಲ್ಲಿಯೇ ತಯಾರಾಗುವ ನಿಬ್ಬುಗಳ ಒಂದು ಡಬ್ಬಿಯನ್ನು ತೆಗೆದು ತೋರಿಸಿದರು. “ಇವನ್ನು ಹಾಕಬಹುದು. ಆದರೆ ಒಂದೊಂದನ್ನೂ ಕಲ್ಲಿನ ಮೇಲೆ ತಿಕ್ಕಿ, ಸೀಳನ್ನು ಸರಿಮಾಡಿ, ಬರೆದು ನೋಡಬೇಕು. 60ಕ್ಕೆ ಒಂದು ತಿಂಗಳು ಕೊಡಿ,” ಎಂದರು. ಸಮಾರಂಭಕ್ಕೆ ಉಳಿದಿದ್ದವು ಎರಡೇ ವಾರಗಳು.

ನಿಬ್ಬಿನ ವಿಷಯದಲ್ಲಿ ಹೆಸರಿಗೂ ವಸ್ತುವಿಗೂ ಅಂತರವಿರುವುದು ಹೊಸದೇನಲ್ಲ. ನಿಬ್ಬಿನ ತುದಿಯಲ್ಲಿ ಕಾಗದವನ್ನು ತಾಗುವ ಒಂದು ಸೂಕ್ಷ್ಮವಾದ ಗಟ್ಟಿ ಲೋಹದ ಕಾಳು ಇರುತ್ತದೆ. ಉಕ್ಕಾಗಲಿ ಚಿನ್ನವಾಗಲಿ ಕಾಗದದ ಉಜ್ಜಾಟಕ್ಕೆ ಬೇಗ ಸವೆಯುವುದರಿಂದ ಈ ಕಾಳು ಬೇಕು. ಇದಕ್ಕೆ ಲೋಕವೆಲ್ಲ ‘ಇರಿಡಿಯಂ’ ಎನ್ನುತ್ತದೆ; ಇಂದಿನ ಅನೇಕ ನಿಬ್ಬುಗಳಲ್ಲಿ ಆ ಲೋಹ ಅತ್ಯಲ್ಪ, ಅಥವಾ ಇಲ್ಲವೇ ಇಲ್ಲ; ಅದರ ಬದಲು ಬೇರೆ ಗಡುಸು ಲೋಹಗಳಿವೆ. ರೂಢಿಯಿಂದ ಬಂದ ಹೆಸರನ್ನು ಹಾಗೆಯೇ ಬಳಸುವುದು ಒಂದು ಬಗೆ. ಬೆಲೆ ಏರಿಸುವುದಕ್ಕಾಗಿ ಇಲ್ಲದ ಗುಣವನ್ನು ಬರೆದುಕೊಳ್ಳುವುದು ಮತ್ತೊಂದು ಬಗೆ. ಒಂದನ್ನು ತೋರಿಸಿ ಅದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದನ್ನು ಶಾಸ್ತ್ರಕಾರರು ‘ಪ್ರತಿರೂಪಕ ವ್ಯವಹಾರ’ವೆಂದು ಕರೆದು, ಅಚೌರ್ಯ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅದನ್ನು ಸುಳ್ಳಿನ ಪಟ್ಟಿಯಲ್ಲಿರಿಸದೆ ಕಳವಿನ ಪಟ್ಟಿಯಲ್ಲಿ ಇರಿಸಿರುವುದು ವಿಚಾರಯೋಗ್ಯ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಆ ಪಟ್ಟಿ ಹಿಂದಿರುಗುವ ರೈಲಿನಲ್ಲಿ ವರ್ತಕರಿಗೆ ನೆನಪಾಯಿತು. ಇಲ್ಲಿ ಕಳವಾದದ್ದು ಏನು, ಯಾರದ್ದು ಎಂದು ಅವರು ಯೋಚಿಸಿದರು. ವಿದ್ಯಾರ್ಥಿಗಳಿಗೆ ಒಳ್ಳೆಯ ಲೇಖನಿಯೇ ಸಿಗುತ್ತಿತ್ತು. ಸಮಿತಿಗೆ ಹಣದ ನಷ್ಟವಿರಲಿಲ್ಲ. ಕಳವಾದದ್ದು ಎದುರು ಅಂಗಡಿಯವರ ಕೆಲಸ. ಅವರ ದರ ಕಡಿಮೆಯಿತ್ತು. ಆದರೂ ಒಂದು ಶಬ್ದದ ಬಲದಿಂದ ಆ ಕೆಲಸ ಇತ್ತ ಬಂದಿತ್ತು.

ಊರಿಗೆ ಬಂದ ಮರುದಿನವೇ ಅವರು ಸಮಿತಿಯ ಸಭೆ ಕರೆಯಿಸಿ, ಲೇಖನಿಗಳನ್ನು ಮೇಜಿನ ಮೇಲಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದರು. ಮೇಸ್ತ್ರಿಯ ಪತ್ರವನ್ನೂ ಓದಿದರು. ಸಭೆಯಲ್ಲಿ ಒಬ್ಬ ಹಿರಿಯರು ನಗುತ್ತ, “ನಿಬ್ಬು ಕಿತ್ತು ಯಾವ ಊರಿಂದಂತ ನೋಡಾವ್ರು ಯಾರದಾರ್ರೀ? ಚೀಟಿ ಹಂಗೇ ಇರ್ಲಿ ಬಿಡ್ರಿ,” ಎಂದರು. ಇನ್ನೊಬ್ಬರು ನಗಲಿಲ್ಲ. “ಆ ಒಂದು ಮಾತು ನೋಡಿಯೇ ನಾವು ನಿಮಗೆ ಕೆಲಸ ಕೊಟ್ಟದ್ದು. ಇಲ್ಲದಿದ್ದರೆ ಕಡಿಮೆ ದರದವರಿಗೆ ಕೊಡುತ್ತಿದ್ದೆವು,” ಎಂದರು. ವರ್ತಕರಿಗೆ ಇದಕ್ಕೆ ಹೇಳುವುದೇನೂ ಇರಲಿಲ್ಲ. ಅವರು ಆಗಲೇ ತಮಗೆ ತಾವೇ ಹೇಳಿಕೊಂಡದ್ದು ಅದೇ. ಆದೇಶವನ್ನು ರದ್ದು ಮಾಡಿದರೂ ತಮಗೆ ಒಪ್ಪಿಗೆಯೆಂದೂ, ಇರಿಸಿಕೊಂಡರೆ ಮೇಸ್ತ್ರಿಗೆ ತೆತ್ತ ಹಣವನ್ನು ಮಾತ್ರ ಕೊಟ್ಟರೆ ಸಾಕೆಂದೂ, ತಮ್ಮ ಲಾಭವನ್ನು ಬಿಟ್ಟಿರುವುದಾಗಿಯೂ ತಿಳಿಸಿದರು.

ಅರ್ಧ ಗಂಟೆ ಚರ್ಚೆಯಾಗಿ ಸಮಿತಿ ಲೇಖನಿಗಳನ್ನು ಇರಿಸಿಕೊಂಡಿತು. ಹಳೆಯ 60 ಚೀಟಿಗಳನ್ನು ವರ್ತಕರು ಅಲ್ಲಿಯೇ ಹರಿದರು. ತಮ್ಮ ಖರ್ಚಿನಲ್ಲಿ ಹೊಸ ಚೀಟಿ ಅಚ್ಚು ಹಾಕಿಸಿದರು. ಅದರಲ್ಲಿದ್ದುದು ಇಷ್ಟು: ‘ಕೊಳವೆ, ಮುಚ್ಚಳ, ಕತ್ತು ಮತ್ತು ನಾಲಗೆ ರಾಜಮಹೇಂದ್ರವರಂನ ಕುಶಲಕರ್ಮಿಯ ಕೈಕೆಲಸ. ನಿಬ್ಬು ಜರ್ಮನಿಯದು. ದಿನವೂ ಶಾಯಿ ತುಂಬಿರಿ. ಬಿಸಿಲಿನಲ್ಲಿ ಇಡಬೇಡಿರಿ. ತಿಂಗಳಿಗೊಮ್ಮೆ ತಣ್ಣೀರಿನಲ್ಲಿ ತೊಳೆಯಿರಿ.’ ಬಿಸಿಲು ಮತ್ತು ತೇವ ತಾಗಿದರೆ ಎಬೊನೈಟಿನಲ್ಲಿರುವ ಗಂಧಕ ಮೇಲೆದ್ದು ಬಣ್ಣ ಕೆಡಿಸುತ್ತದೆ. ತಂದೆಯ ಪೆನ್ನಿನ ಮುಚ್ಚಳಕ್ಕೆ ಆದದ್ದು ಅದೇ. ಆ ತಿಳಿವಳಿಕೆ ಚೀಟಿಗೆ ಸೇರಿದ್ದರಿಂದ ಹೊಸ ಚೀಟಿ ಹಳೆಯದಕ್ಕಿಂತ ಹೆಚ್ಚು ಉಪಯುಕ್ತವೂ ಆಯಿತು.

ಬಳಿಕ ಅವರು ಎದುರು ಅಂಗಡಿಗೆ ಹೋದರು. ಸಮಿತಿಯ ಎದುರಿಗೆ ನಿಂತದ್ದಕ್ಕಿಂತ ಈ ಮೂವತ್ತು ಹೆಜ್ಜೆಗಳೇ ಕಷ್ಟವಾಗಿದ್ದವು. ನಡೆದದ್ದನ್ನು ಕೇಳಿ ಆ ಅಂಗಡಿಯವರು ಚಹಾ ತರಿಸಿದರು, ಹೆಚ್ಚು ಮಾತಾಡಲಿಲ್ಲ. ಹೋದ ಕೆಲಸ ಮರಳಿ ಬರುವಂತಿರಲಿಲ್ಲ. ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ನಂಬುವುದು ಸುಲಭ. ಎಬೊನೈಟಿನಂತೆಯೇ ವಿಶ್ವಾಸದಲ್ಲಿಯೂ ಒಮ್ಮೆ ಕಡೆದು ತೆಗೆದದ್ದನ್ನು ಮರಳಿ ಅಂಟಿಸಲಾಗದು. ಉಳಿದ ಭಾಗವನ್ನು ಕೆಡದಂತೆ ಕಾಪಾಡಬಹುದು, ಅಷ್ಟೇ.

ಕೈಕೆಲಸದ ಲೇಖನಿಯನ್ನು ಇಂದು ಹಲವರು ಶೋಕಿಗಾಗಿ ಕೊಳ್ಳುತ್ತಾರೆ. ಬಾಲ್‌ಪೆನ್ನು ಅಗ್ಗವಾಗಿ ಎಲ್ಲೆಡೆ ದೊರೆಯತೊಡಗಿದ ಮೇಲೆ ಈ ಕಸುಬಿನ ಅನೇಕ ಲೇತುಗಳು ನಿಂತುಹೋದವು. ಉಳಿದವು ಉಳಿದಿರುವುದು ಕೊಳ್ಳುವವರ ಅಭಿರುಚಿಯಿಂದ. ಅಭಿರುಚಿಯ ವ್ಯಾಪಾರದಲ್ಲಿ ಮಾತಿಗೆ ಬೆಲೆ ಹೆಚ್ಚು. ಆದ್ದರಿಂದ ಮಾತು ಹಿಗ್ಗಿಸುವ ಆಸೆಯೂ ಹೆಚ್ಚು. ಕೊಳ್ಳುವವರು ಒಂದೆರಡು ಸಂಗತಿ ತಿಳಿದಿದ್ದರೆ ಒಳ್ಳೆಯದು. ಲೇಖನಿಯ ಹೊಳಪಿನಿಂದ ಮೋಸಹೋಗದೆ ಮುಚ್ಚಳವನ್ನು ನಾಲ್ಕು ಸಲ ತಿರುಗಿಸಿ ತೆಗೆದು ಹಾಕಿ ನೋಡಬೇಕು. ನಿಬ್ಬಿನ ಅಡಿಗೆ ಮಗುಚಿ ನಾಲಗೆ ಯಾವುದರದೆಂದು ಕೇಳಬೇಕು. ಯಾವ ಭಾಗ ಯಾರದೆಂದು ಕೇಳಿ, ಅದನ್ನೇ ಬೀಜಕದಲ್ಲಿ ಬರೆಸಿಕೊಳ್ಳಬೇಕು. ಪ್ರಾಮಾಣಿಕನಾದ ಕುಶಲಕರ್ಮಿ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ, ತನ್ನ ಕೆಲಸವನ್ನು ನೋಡುವವರು ಬಂದರೆಂದು ಸಂತೋಷಪಡುತ್ತಾನೆ.

ವಿದೇಶದ ನಿಬ್ಬು ಹಾಕುವುದು ದೋಷವಲ್ಲ. 1930ರ ದಶಕದಲ್ಲಿ ಸ್ವದೇಶಿ ಎಂಬುದು ವ್ರತವಾಗಿತ್ತು, ಆದ್ದರಿಂದ ನಿಬ್ಬೂ ಬದಲಾಗಬೇಕಾಯಿತು. ಇಂದು ಯಾವ ದೇಶದ ನಿಬ್ಬನ್ನಾದರೂ ಹಾಕಬಹುದು. ಹಾಕಿದ್ದೇವೆಂದು ಹೇಳಬೇಕು, ಅಷ್ಟೇ.

ಆ ವರ್ಷದ ದೀಪಾವಳಿಯಂದು ಹುಬ್ಬಳ್ಳಿಯ ಆ ಅಂಗಡಿಯಲ್ಲಿ ಹೊಸ ಖಾತೆಪುಸ್ತಕದ ಪಕ್ಕದಲ್ಲಿ ಪೂಜೆಗೊಂಡದ್ದು ತಂದೆಯ ಹಳೆಯ ಲೇಖನಿ. ಪೂಜೆಯ ನಂತರ ವರ್ತಕರು ಅದಕ್ಕೆ ಶಾಯಿ ತುಂಬಿ ಹೊಸ ಕಿರ್ದಿಯ ಮೊದಲ ಪುಟ ಬರೆದರು. ವಿದ್ಯಾರ್ಥಿನಿಲಯದ ಲೇಖನಿಗಳ ಲೆಕ್ಕ ಹಳೆಯ ಪುಸ್ತಕದಲ್ಲಿಯೇ ಮುಗಿದಿತ್ತು. ಅಲ್ಲಿ ಲಾಭದ ಕಾಲಮಿನಲ್ಲಿ ಒಂದು ಸೊನ್ನೆಯಿದೆ. ಆ ಸೊನ್ನೆಯನ್ನು ಬರೆದದ್ದೂ ಅದೇ ಲೇಖನಿಯಿಂದ. ಶಾಯಿ ತಡೆಯಿಲ್ಲದೆ, ಸಮವಾಗಿ ಹರಿದಿದೆ.